ಸತ್ಯವನ್ನು ಯಾರಿಗೆ ಹೇಳಿದ್ದು?

‘ತಾವು ಯಾರು?’ ಎಂದು ಕೇಳಿದರೆ ಅಪಮಾನವೆಂದು ಭಾವಿಸುವವರುಂಟು. ಹಿಂದಿನ ವರ್ತಕರು ಹಾಗೆ ಭಾವಿಸಿರಲಿಲ್ಲ. ಶಾಹಜೋಗ ಹುಂಡಿಯ ಹಣವನ್ನು ಪೇಟೆಯಲ್ಲಿ ಮಾನ್ಯನಾದ ಸಾಹುಕಾರನೊಬ್ಬನ ಮೂಲಕವೇ ಸಲ್ಲಿಸಬೇಕಾಗಿತ್ತು. ಹುಂಡಿ ಕಳವಿನದೋ ಖೋಟಾದ್ದೋ ಎಂದು ಮುಂದೆ ತಿಳಿದುಬಂದರೆ ಹಣ ಹಿಂದಿರುಗಿಸುವ ಹೊಣೆ ಅವನದೇ. ಅಲ್ಲಿ ಮುಖಪರಿಚಯವೇ ಜಾಮೀನು. ಮುಖವೇ ಕಾಣದ ಕಡೆ ಗತಿಯೇನು? ದೂರದ ಗಣಕಯಂತ್ರಗಳನ್ನು ಜಾಲವಾಗಿ ಜೋಡಿಸಿದಾಗ ತಜ್ಞರಿಗೆ ಎದುರಾದದ್ದು ಈ ಪ್ರಶ್ನೆ.

1978ರಲ್ಲಿ ರೋಜರ್ ನೀಡ್‌ಹ್ಯಾಮ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು ಇದಕ್ಕೆ ಕೆಲವು ಕ್ರಮಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದನ್ನು ಸ್ಥೂಲವಾಗಿ ಹೀಗೆ ಅರಿಯಬಹುದು. ಪ್ರತಿಯೊಬ್ಬರಿಗೂ ಒಂದೊಂದು ಬಗೆಯ ಬೀಗವಿದೆ. ಆ ಬೀಗ ಯಾರಿಗೆ ಬೇಕಾದರೂ ಸಿಗುತ್ತದೆ. ಬೀಗದ ಕೈ ಮಾತ್ರ ಒಡೆಯನ ಬಳಿ. ಗ್ರಾಹಕನು ತನ್ನ ಹೆಸರನ್ನೂ ಒಂದು ಗುಪ್ತಸಂಖ್ಯೆಯನ್ನೂ ಪೆಟ್ಟಿಗೆಯಲ್ಲಿಟ್ಟು, ಬ್ಯಾಂಕಿನ ಬೀಗ ಹಾಕಿ ಕಳುಹಿಸುತ್ತಾನೆ. ಬ್ಯಾಂಕು ಆ ಸಂಖ್ಯೆಯೊಂದಿಗೆ ತನ್ನದೊಂದು ಸಂಖ್ಯೆಯನ್ನು ಸೇರಿಸಿ, ಗ್ರಾಹಕನ ಬೀಗ ಹಾಕಿ ಮರಳಿಸುತ್ತದೆ. ಗ್ರಾಹಕನು ಬ್ಯಾಂಕಿನ ಸಂಖ್ಯೆಯನ್ನು ಹಿಂದಿರುಗಿಸಿದನೆಂದರೆ ಇಬ್ಬರಿಗೂ ಪರಸ್ಪರ ಗುರುತು ಸಿಕ್ಕಿದಂತೆ. ಗ್ರಾಹಕನಷ್ಟೇ ಅಲ್ಲ, ಬ್ಯಾಂಕೂ ತಾನು ಯಾರೆಂದು ತೋರಿಸಬೇಕೆಂಬುದು ಇಲ್ಲಿಯ ಹಿರಿಮೆ.

ಈ ಕ್ರಮದೊಳಗಿನ ಬಿರುಕನ್ನು 1995ರಲ್ಲಿ ಗ್ಯಾವಿನ್ ಲೋ ಎಂಬವರು ತೋರಿಸಿಕೊಟ್ಟರು. ಗ್ರಾಹಕನು ಒಬ್ಬ ಅಂಗಡಿಕಾರನೊಡನೆ ವ್ಯವಹರಿಸುತ್ತಾನೆನ್ನೋಣ. ಆ ಅಂಗಡಿಕಾರ ವಂಚಕ. ಗ್ರಾಹಕ ಕಳುಹಿಸಿದ ಪೆಟ್ಟಿಗೆಯನ್ನು ಅವನು ತೆರೆದು, ಒಳಗಿದ್ದುದಕ್ಕೆ ಬ್ಯಾಂಕಿನ ಬೀಗ ಹಾಕಿ ಅಲ್ಲಿಗೆ ರವಾನಿಸುತ್ತಾನೆ. ಬ್ಯಾಂಕಿನ ಉತ್ತರ ಗ್ರಾಹಕನ ಬೀಗದಲ್ಲಿರುವುದರಿಂದ ಅದನ್ನು ತೆರೆಯಲಾರ. ಹಾಗೆಯೇ ಗ್ರಾಹಕನಿಗೆ ದಾಟಿಸುತ್ತಾನೆ. ತನ್ನ ಸಂಖ್ಯೆಯನ್ನು ಕಂಡ ಗ್ರಾಹಕ, ಉತ್ತರ ಅಂಗಡಿಕಾರನದೇ ಎಂದು ನಂಬಿ ಎರಡನೆಯ ಸಂಖ್ಯೆಯನ್ನು ಅವನಿಗೊಪ್ಪಿಸುತ್ತಾನೆ. ಅದು ಬ್ಯಾಂಕಿಗೆ ತಲುಪಿದೊಡನೆ ಅಂಗಡಿಕಾರನೇ ಗ್ರಾಹಕನಾಗಿಬಿಡುತ್ತಾನೆ!

ಯಾವ ಬೀಗವೂ ಮುರಿಯಲಿಲ್ಲ. ಗ್ರಾಹಕ ಒಂದಕ್ಷರ ಸುಳ್ಳಾಡಲಿಲ್ಲ. ಹಾಗಿದ್ದೂ ಅವನ ಸತ್ಯವೇ ಬ್ಯಾಂಕಿನ ಮುಂದೆ ಸುಳ್ಳಾಗಿ ನಿಂತಿತು. ಇದರಲ್ಲಿ ಅವನ ಪಾಲೆಷ್ಟು? ಅಪಾತ್ರನನ್ನು ನಂಬಿದ್ದು ಅವಿವೇಕವಿರಬಹುದು. ಆದರೆ ಆ ಅವಿವೇಕ ಅಂಗಡಿಯ ವ್ಯವಹಾರಕ್ಕಷ್ಟೇ ಸೀಮಿತವಾಗಬೇಕಿತ್ತು. ಬ್ಯಾಂಕಿನವರೆಗೆ ಅದು ಹರಿದದ್ದು ಕ್ರಮದ ದೋಷದಿಂದ. ಲೋ ಸೂಚಿಸಿದ ಪರಿಹಾರವಾದರೂ ಎಷ್ಟು ಸಣ್ಣದು! ಬ್ಯಾಂಕು ತನ್ನ ಉತ್ತರದೊಳಗೆ ತನ್ನ ಹೆಸರನ್ನೂ ಬರೆಯಬೇಕು, ಅಷ್ಟೆ. ಅಂಗಡಿಯ ಹೆಸರಿರಬೇಕಾದಲ್ಲಿ ಬ್ಯಾಂಕಿನ ಹೆಸರು ಕಂಡರೆ ಗ್ರಾಹಕ ಅಲ್ಲಿಗೇ ನಿಲ್ಲುತ್ತಾನೆ. ಹೆಸರು ಬರೆಯದ ಚೆಕ್ಕಿಗೆ ಸಹಿ ಹಾಕಬಾರದೆಂದು ಅಂಗಡಿಯ ಹುಡುಗನಿಗೂ ಗೊತ್ತು. ಪಂಡಿತರಿಗೆ ಹೊಳೆಯಲು 17 ವರ್ಷ ಹಿಡಿಯಿತು.

ಈಚಿನ ಪಾಸ್‌ಕೀ ಪದ್ಧತಿಯಲ್ಲಿ ಈ ಎಚ್ಚರವನ್ನು ಯಂತ್ರಕ್ಕೇ ವಹಿಸಲಾಗಿದೆ. ಯಾವ ತಾಣಕ್ಕಾಗಿ ಗುರುತು ಸಿದ್ಧವಾಯಿತೋ ಆ ತಾಣದ ಹೆಸರಿಗೆ ಅದು ಬದ್ಧ. ನಕಲಿ ತಾಣ ಕೇಳಿದರೆ ದೊರೆಯದು. ಒಟಿಪಿಗೆ ಆ ಬಂಧನವಿಲ್ಲ. ಮನೆಯ ಹಿರಿಯರು ಅದನ್ನು ಫೋನಿನಲ್ಲಿ ಯಾರಿಗೋ ಹೇಳಿ ಹಣ ಕಳೆದುಕೊಂಡಾಗ ಮಕ್ಕಳು ಅವರನ್ನೇ ಗದರುವುದುಂಟು. ಕರೆ ಮಾಡಿದವನು ಮಾತ್ರ ಅವರ ಹೆಸರು, ಖಾತೆ ಎಲ್ಲವನ್ನೂ ಕೇಳಿದ್ದ. ಅವನು ಯಾರೆಂಬುದಕ್ಕೆ ಸಾಕ್ಷ್ಯ ಕೇಳುವ ಉಪಾಯವನ್ನು ಆ ಹಿರಿಯರಿಗೆ ಯಾರೂ ಕೊಟ್ಟಿರಲಿಲ್ಲ.