ಲಿಖಿತ ಸಂವಿಧಾನದ ಎಲ್ಲೆ

ಇಂಗ್ಲೆಂಡಿನಂತೆ ರೂಢಿಯನ್ನು ಬಹುಮಟ್ಟಿಗೆ ನೆಚ್ಚಿ ಪ್ರಜಾಪ್ರಭುತ್ವವನ್ನು ನಡೆಸಬಹುದು. ಆದರೆ ಬಲವಿಲ್ಲದವನಿಗೆ ರೂಢಿಯು ಆಸರೆಯಾಗುವುದು ಅಪರೂಪ. ಲಿಖಿತ ಸಂವಿಧಾನವಾದರೋ ಹಕ್ಕನ್ನು ಯಾಚನೆಯಿಂದ ಬಿಡಿಸುತ್ತದೆ. 2012ರ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಫಲವಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ವಿದ್ಯಾರ್ಥಿಗಳು ಕಾಲೇಜಿನ ಸೀಟನ್ನಾಗಲಿ ಸರ್ಕಾರಿ ಹುದ್ದೆಯನ್ನಾಗಲಿ ಮೀಸಲಿನ ಆಧಾರದಿಂದ, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಕೇಳಬಲ್ಲರು.

ಬರೆದ ಮಾತಿಗೆ ಎಲ್ಲೆಯೂ ಉಂಟು. ವಿಧಿಯು ಹೈದರಾಬಾದ್-ಕರ್ನಾಟಕ ಪ್ರದೇಶವೆಂದಿತು. ಅದನ್ನು ಜಾರಿಗೊಳಿಸಿದ ಆದೇಶವು ಜಿಲ್ಲೆಗಳನ್ನು ಹೆಸರಿಸಿತು. 1953ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಅದರಲ್ಲಿ ಸೇರಿದ್ದೂ ಒಂದು ಸೋಜಿಗವೇ! ಹರಪನಹಳ್ಳಿಯಾದರೋ 1997ರಲ್ಲಿಯೇ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿದ್ದುದರಿಂದ ಹೊರಗುಳಿಯಿತು. ಅದೇ ಒಣಭೂಮಿ, ಅದೇ ಬರ. ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯು ನ್ಯಾಯದ ಗೆರೆಯಾಗಬಹುದೇ?

ಆದರೂ ಲಿಖಿತವೇ ಮೇಲೆನ್ನುವೆನು. ನೆರೆಯವರಿಗೆ ದೊರೆತುದು ತಮಗೇಕಿಲ್ಲವೆಂದು ಹರಪನಹಳ್ಳಿಯವರು ಬೆರಳಿಟ್ಟು ತೋರಿಸಲು ಒಂದು ಬರಹವಿದ್ದಿತು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, ಸೌಲಭ್ಯವೂ ದೊರೆಯಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ನೂತನ ವಿಜಯನಗರ ಜಿಲ್ಲೆಯಲ್ಲಿ ಒಂದಾದವು. ನಡುವಿನ ವರ್ಷಗಳಲ್ಲಿ ಹರಪನಹಳ್ಳಿಯಲ್ಲಿ ಪಿಯುಸಿ ಮುಗಿಸಿದವರಿಗೆ ಮಾತ್ರ ಆ ಸೀಟುಗಳು ಮರಳಿ ಬರಲಿಲ್ಲ.