ಮುಪ್ಪಿನ ಕಾಲದ ಸೇವೆ
(2 ಸಮುವೇಲ 17:27-29, 19:31-39, ಲೂಕ 2:36-38)



ತಲೆ ನೆರೆತು ನೇಗಿಲು ಹಿಡಿಯುವ ಬಲವು ಕುಂದಿದ ಮೇಲೆ, ಇನ್ನು ನಮ್ಮಿಂದ ಯಾರಿಗೇನು ಪ್ರಯೋಜನವೆಂದು ಹಿರಿಯರನೇಕರು ಜಗಲಿಯ ಮೇಲೆ ಕುಳಿತು ದುಃಖಿಸುವದುಂಟು. ದೇವರ ವಾಕ್ಯವು ಅಂಥವರಿಗೆ ಗಿಲ್ಯಾದಿನ ಬರ್ಜಿಲ್ಲೈಯನ್ನು ತೋರಿಸುತ್ತದೆ.

ದಾವೀದನು ತನ್ನ ಮಗನಾದ ಅಬ್ಷಾಲೋಮನ ದೆಸೆಯಿಂದ ಓಡಿ ಮಹನಯಿಮಿಗೆ ಬಂದಾಗ, ಅವನ ಜನರು ಹಸಿದು ದಣಿದು ಬಾಯಾರಿದ್ದರು. ಬರ್ಜಿಲ್ಲೈಯು 80 ವರುಷದ ಮುದುಕನು. ಅವನು ಬೇರಿಬ್ಬರ ಕೂಡ ಹಾಸಿಗೆ, ಮಡಿಕೆ, ಗೋದಿ, ಬೇಳೆಕಾಳು, ಜೇನು, ಬೆಣ್ಣೆ ಮೊದಲಾದವುಗಳನ್ನು ತಂದುಕೊಟ್ಟನು. ಯಾರೂ ಅವನನ್ನು ಬೇಡಿಕೊಂಡರೆಂದು ಬರೆದಿಲ್ಲ. ಅಬ್ಷಾಲೋಮನು ಗೆದ್ದಿದ್ದರೆ ಅವನ ಮನೆಗೂ ಕೇಡು ಬರಬಹುದಾಗಿತ್ತು. ಆದರೂ ಅವನು ಸುಮ್ಮನಿರಲಿಲ್ಲ.

ಯುದ್ಧವು ತೀರಿದ ಮೇಲೆ ಅರಸನು ಅವನನ್ನು ಯೆರೂಸಲೇಮಿಗೆ ಕರೆದನು. ಅವನಾದರೋ, ಊಟದ ರುಚಿಯೂ ಹಾಡುವವರ ಸ್ವರವೂ ತನಗೀಗ ತಿಳಿಯದೆಂದು ಒಪ್ಪಿಕೊಂಡು, ಯೊರ್ದನ್ ಹೊಳೆಯಾಚೆ ಸ್ವಲ್ಪ ದೂರ ಮಾತ್ರ ಬಂದು ಹಿಂದಿರುಗುವೆನೆಂದನು. ಇದರಲ್ಲಿ ನಾವು ಎರಡು ಪಾಠಗಳನ್ನು ಕಲಿಯುತ್ತೇವೆ. ಕಿವಿ ನಾಲಿಗೆಗಳು ಸೋತರೂ ಹೃದಯವು ಸೋಲಬೇಕೆಂದಿಲ್ಲ. ಬಲವಿದ್ದಷ್ಟು ದೂರ ನಡೆದು ನಿಲ್ಲುವದು ಅವಮಾನವಲ್ಲ. ಅವನು ಪದವಿಯನ್ನು ಬಯಸಲಿಲ್ಲ. ಆದರೂ ಅರಸನು ಅವನನ್ನು ಮುದ್ದಿಟ್ಟು ಆಶೀರ್ವದಿಸಿದನು. ತನ್ನ ಮರಣಕಾಲದಲ್ಲಿಯೂ ಅವನ ಮಕ್ಕಳಿಗೆ ದಯೆತೋರಿಸಬೇಕೆಂದು ಸೊಲೊಮೋನನಿಗೆ ಅಪ್ಪಣೆಕೊಟ್ಟನು.

ಬರ್ಜಿಲ್ಲೈಯು ಐಶ್ವರ್ಯವಂತನು, ನಮ್ಮಲ್ಲೇನಿದೆ ಎಂದು ಕೆಲವರು ಹೇಳಾರು. ಹಾಗಾದರೆ ಅನ್ನಳನ್ನು ನೋಡಿರಿ. ಗಂಡನ ಸಂಗಡ 7 ವರುಷ ಮಾತ್ರ ಬಾಳಿದ ಆ 84 ವರುಷದ ವಿಧವೆಗೆ ಆಸ್ತಿಯಿತ್ತೆಂದು ಲೂಕನು ಬರೆದಿಲ್ಲ. ಆಕೆಯು ದೇವಾಲಯವನ್ನು ಬಿಡದೆ ಉಪವಾಸ ಪ್ರಾರ್ಥನೆಗಳಿಂದ ದೇವರನ್ನು ಸೇವಿಸುತ್ತಿದ್ದಳು. ಅಲ್ಲಿದ್ದದರಿಂದಲೇ ಶಿಶುವಾದ ಕರ್ತನನ್ನು ಕಂಡಳು. ಮನೆಯಲ್ಲಿ ತನ್ನ ದುಃಖವನ್ನೇ ಎಣಿಸುತ್ತಾ ಕುಳಿತಿದ್ದರೆ ಆ ಭಾಗ್ಯವು ದೊರೆಯುತ್ತಿತ್ತೇ?

ಜ್ವರದಲ್ಲಿರುವವರ ಬಳಿ ಕುಳಿತು ಗಂಜಿ ಕುಡಿಸುವದು, ಮಕ್ಕಳಿಗೆ ಕರ್ತನ ಪ್ರಾರ್ಥನೆಯನ್ನು ಕಲಿಸುವದು, ಮನಸ್ತಾಪವುಳ್ಳ ಎರಡು ಮನೆಗಳ ನಡುವೆ ಸಮಾಧಾನದ ಮಾತಾಡುವದು, ಇವು ನಮ್ಮ ಸಭೆಗಳ ಹಿರಿಯರಿಗೆ ತಕ್ಕ ಕೆಲಸಗಳು. ಇವುಗಳಿಗೆ ತೋಳಿನ ಬಲಕ್ಕಿಂತ ತಾಳ್ಮೆಯು ಹೆಚ್ಚು ಬೇಕು. ಅದನ್ನು ಕಲಿಯಲು ವರುಷಗಳು ಬೇಕು. ಹೀಗೆ ಸೇವಿಸುವವರ ಒಂಟಿತನವು ಹಗುರವಾಗುವದನ್ನೂ, ಅವರ ಬರುವಿಕೆಗಾಗಿ ಕಾದಿರುವ ಮನೆಗಳು ಹೆಚ್ಚುವದನ್ನೂ ನಾವು ಕಂಡಿದ್ದೇವೆ.

ಯೌವನಸ್ಥರೇ, "ನಿಮಗ್ಯಾಕೆ, ಸುಮ್ಮನೆ ಕೂತುಕೊಳ್ಳಿರಿ" ಎಂದು ಅವರ ಕೈಯ ಕೆಲಸವನ್ನು ಕಸಕೊಳ್ಳಬೇಡಿರಿ. ಹಿರಿಯರೇ, ಈ ವಾರದಲ್ಲಿ ಯಾರ ಬಾಗಿಲಿಗೆ ಹೋಗಬೇಕೆಂದು ಕರ್ತನನ್ನು ಕೇಳಿರಿ. ಆತನೇ ನಿಮ್ಮ ಕೋಲಿನ ಸಂಗಡ ನಡೆಯಲಿ. ಆಮೆನ್.