ಆರಿದ್ರಾ ಮಳೆಯ ಋಣ

ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದವರೆಗೆ ಶೆಟ್ಟಿಕೊಪ್ಪದ ಸುತ್ತಿನ ಗದ್ದೆ ತೋಟಗಳ ಮೇಲೆ ಸುರಿಯುವುದು ಆರಿದ್ರಾ ಮಳೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವಷ್ಟಾದರೂ ಹೊಳವು ಸಿಕ್ಕೀತೇ ಎಂದು ಮೋಡ ನೋಡುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಈ ಹೆಸರು, ಕೊನೆಗಾಲಕ್ಕೆ ಬಂದಿರುವ ಒಂದು ಬೃಹತ್ ನಕ್ಷತ್ರದ್ದು. ಆ ದಿನಗಳಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ತನ್ನ ಹೆಸರಿನ ಮಳೆಯಲ್ಲಿ ಅದು ಕಾಣಿಸುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗೆ ಹೊಳೆಯುತ್ತದೆ. ಖಗೋಳಜ್ಞರಿಗೆ ಅದು ಬೀಟಲ್‌ಜ್ಯೂಸ್.

ಸೂರ್ಯನ ಹದಿನೈದಿಪ್ಪತ್ತು ಪಟ್ಟು ದ್ರವ್ಯ ಹೊತ್ತು ಹುಟ್ಟಿದ ಈ ತಾರೆಯ ಆಯಸ್ಸು 1 ಕೋಟಿ ವರ್ಷದ ಆಸುಪಾಸು. ಸೂರ್ಯನದೋ ಸುಮಾರು 1,000 ಕೋಟಿ. ಹೆಚ್ಚು ಇದ್ದವರು ಹೆಚ್ಚು ಕಾಲ ಬಾಳಬೇಕಲ್ಲವೇ? ಆದರೆ ಭಾರ ಹೆಚ್ಚಿದಂತೆ ಒಡಲಿನ ಒತ್ತಡವೂ ಬಿಸಿಯೂ ಏರಿ, ಇರುವ ಗಂಟಿಗಿಂತ ಉರಿಯುವ ವೇಗವೇ ದೊಡ್ಡದಾಗುತ್ತದೆ. ಜಲಜನಕ ತೀರಿದರೆ ಹೀಲಿಯಂ, ಆಮೇಲೆ ಇಂಗಾಲ, ನಿಯಾನ್, ಆಮ್ಲಜನಕ. ಸಿಲಿಕಾನಿನ ಸರದಿಗೆ ಬರುವಷ್ಟರಲ್ಲಿ ಉಳಿಯುವುದು ಕೆಲವೇ ದಿನ. ಕಬ್ಬಿಣವಾದ ಮೇಲೆ ಬೆಸೆದು ಪಡೆಯುವ ಶಕ್ತಿಯಿಲ್ಲ. ಆಸರೆ ತಪ್ಪಿದ ಗರ್ಭ ಸೆಕೆಂಡಿನೊಳಗೆ ಕುಸಿದು, ಹೊರಪದರಗಳು ಸೂಪರ್‌ನೋವಾ ಆಗಿ ಸಿಡಿಯುತ್ತವೆ.

2019ರ ಕೊನೆಯಲ್ಲಿ ಆ ತಾರೆ ಮಂಕಾದಾಗ, ಇನ್ನೇನು ಸಿಡಿದೀತೆಂದು ಜಗತ್ತು ಕಾದು ಕುಳಿತಿತು. ಆ ಮಂಕು ತಾರೆ ತಾನೇ ಹೊರಚೆಲ್ಲಿದ ಧೂಳಿನ ಮುಸುಕಿನಿಂದ ಎಂದು ತಿಳಿದಾಗ ಕುತೂಹಲ ತಣ್ಣಗಾಯಿತು. ಉರಿಯುವಾಗ ತಲೆಯೆತ್ತಿ ನೋಡದ ನಾವು, ದೊಡ್ಡದೊಂದು ಬೀಳುತ್ತದೆಂದರೆ ಇಷ್ಟೇಕೆ ತವಕಪಡುತ್ತೇವೆ? ಮಳೆಯ ಲೆಕ್ಕ ಇಟ್ಟ ಹಿರಿಯರು ಈ ತಾರೆಯನ್ನು ಪತನದಿಂದಲ್ಲ, ನೀರಿನಿಂದ ನೆನೆದರು.

ನಕ್ಷತ್ರ ಮಳೆ ಸುರಿಸುವುದಿಲ್ಲ, ನಿಜ. ಆದರೂ ನೀರಿನ ತೂಕದ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕ. ಅದರ ಬಹುಪಾಲು ತಯಾರಾದದ್ದು, ಸೂರ್ಯ ಹುಟ್ಟುವ ಮೊದಲೇ ಸಿಡಿದುಹೋದ ಇಂಥದೇ ಹೆಸರಿಲ್ಲದ ಬೃಹತ್ ತಾರೆಗಳ ಒಡಲಿನಲ್ಲಿ.

ಇದನ್ನು ತ್ಯಾಗವೆಂದು ಹೊಗಳಬಹುದೇ? ನಕ್ಷತ್ರಕ್ಕೆ ಕೊಡುವ ಮನಸ್ಸಿಲ್ಲ, ಇಟ್ಟುಕೊಳ್ಳುವ ಆಯ್ಕೆಯೂ ಇಲ್ಲ. ಆದರೆ ಕೊಟ್ಟೆನೆಂಬ ಅರಿವು ಕೊಟ್ಟವರಿಗಿಲ್ಲದ ಮಾತ್ರಕ್ಕೆ ಪಡೆದವರ ಋಣ ಹರಿದುಹೋಗುತ್ತದೆಯೇ? ಕೈಮುಗಿಯಲು ನಮ್ಮ ಕೃತಜ್ಞತೆ ಯಾವಾಗಲೂ ಒಂದು ಮುಖವನ್ನು ಹುಡುಕುತ್ತದೆ. ಮುಖವಿಲ್ಲದ ಋಣವನ್ನು ಹಿಂದಿರುಗಿಸಲಾಗದು, ಮುಂದಿನವರಿಗೆ ಸಲ್ಲಿಸಬಹುದಷ್ಟೇ. ತಡೆದು ನಿಲ್ಲಿಸುವ ಶಕ್ತಿಯಿದ್ದೂ ಕೆಳಗಿನ ಗದ್ದೆಗೆ ನೀರು ಬಿಡುವವನು ಮಾಡುವುದು ಅದನ್ನೇ, ಮತ್ತು ಯಾವ ನಕ್ಷತ್ರವೂ ಮಾಡಲಾರದ ಕೆಲಸ ಅದು.